ಸಿಗ್ನಲ್ ಕೊಡುವ ಮೊದಲೇ ಗೇನ್ ಹೇಳಿದೆ, ಬರೀ ಮಲ್ಟಿಮೀಟರ್‌ನಲ್ಲಿ

ಡಿಫರೆನ್ಶಿಯಲ್ ಆಂಪ್ ಅಂದರೆ ಎರಡು ಇನ್‌ಪುಟ್‌ಗಳ ವ್ಯತ್ಯಾಸವನ್ನು ದೊಡ್ಡದು ಮಾಡುವ ಸರ್ಕ್ಯೂಟ್. ಅದರ ಗೇನನ್ನು, ಅಂದರೆ ಎಷ್ಟು ಪಟ್ಟು ದೊಡ್ಡದು ಮಾಡುತ್ತದೆ ಅನ್ನೋದನ್ನು, ಸ್ಕೋಪ್ (ಸಿಗ್ನಲ್ ತೋರಿಸುವ ಆಸಿಲೋಸ್ಕೋಪ್) ಮುಟ್ಟದೆ ಹೇಳುತ್ತೇನೆ ಅಂದಾಗ ಜೊತೆಯವರು ನಕ್ಕಿದ್ದರು. ಸಿಮ್ಯುಲೇಟರ್ ಇಲ್ಲದೆ ಆಗಲ್ಲ ಅಂದರು. ಮೊನ್ನೆ ಚೀಟಿಯಲ್ಲಿ 97 ಅಂತ ಬರೆದಿಟ್ಟು ಆಮೇಲೆ ಅಳೆದೆ. 94 ಬಂತು. ಯಾರೂ ನಗಲಿಲ್ಲ.

ಶುರುವಿನಲ್ಲಿ ನನ್ನ ಮರ್ಯಾದೆಯೂ ಹೋಗಿತ್ತು ಬಿಡಿ. ಎರಡು ಬಿಸಿ547 ಟ್ರಾನ್ಸಿಸ್ಟರ್, ಪ್ಲಸ್ ಮೈನಸ್ 12 ವೋಲ್ಟ್, ಕಲೆಕ್ಟರ್‌ಗಳಿಗೆ ತಲಾ 10 ಕೆ (ಕಿಲೋ ಓಮ್), ಎರಡೂ ಎಮಿಟರ್ ಸೇರುವ ಟೇಲ್‌ಗೆ 11 ಕೆ, ಎರಡಕ್ಕೂ ಸೇರಿ ಹೆಚ್ಚುಕಮ್ಮಿ 1 ಮಿಲಿಆಂಪ್. ಆರ್‌ಇ (ಎಮಿಟರ್‌ನ ಒಳ ರೆಸಿಸ್ಟನ್ಸ್, 26 ಮಿಲಿವೋಲ್ಟ್ ಭಾಗಿಸು ಒಂದು ಟ್ರಾನ್ಸಿಸ್ಟರ್‌ನ ಕರೆಂಟ್) 50 ಓಮ್ ಅಲ್ವಾ, 10 ಕೆಯನ್ನು ಅದರಿಂದ ಭಾಗಿಸಿ ಗೇನ್ 200 ಅಂತ ಸಾರಿಬಿಟ್ಟೆ. ಬಂದಿದ್ದು 48. ಒಂದೇ ಕಲೆಕ್ಟರ್‌ನಿಂದ ಔಟ್‌ಪುಟ್ ತೆಗೆದರೆ ಅರ್ಧ ಅನ್ನೋದನ್ನೇ ಮರೆತಿದ್ದೆ. ಸರಿ, 100 ಆಯ್ತು, ಇನ್ನರ್ಧ ಎಲ್ಲಿ ಹೋಯ್ತು? ಟ್ರಾನ್ಸಿಸ್ಟರ್ ಕಳಪೆ ಅಂತ ಬೈದುಕೊಂಡು, ಮ್ಯಾಚ್ ಮಾಡಿದ ಜೋಡಿಗೆ ದುಡ್ಡು ಸುರಿದೆ, ಆ ದುಡ್ಡಿಗೆ ಬಿಡಿ ಟ್ರಾನ್ಸಿಸ್ಟರ್ ಒಂದು ಚೀಲ ಬರುತ್ತಿತ್ತು. ಅದರಲ್ಲೂ 48! ಮೂರನೇ ರಾತ್ರಿ ಹೊಳೆಯಿತು: ಕೆಪಾಸಿಟರ್ ಆಚೆ ಇದ್ದ ಮುಂದಿನ ಸ್ಟೇಜಿನ ಇನ್‌ಪುಟ್ಟೂ ಸುಮಾರು 10 ಕೆ. ಎರಡೂ ಪ್ಯಾರಲಲ್, 5 ಕೆ. ಅಷ್ಟೇ.

ಅವತ್ತಿನಿಂದ ಕರೆಂಟ್ ಲೆಕ್ಕ ಬಿಟ್ಟೆ. ಎರಡೂ ಬೇಸ್ ಗ್ರೌಂಡ್ ಮಾಡಿ, ಕಲೆಕ್ಟರ್ ರೆಸಿಸ್ಟರ್ ಮೇಲಿನ ಡ್ರಾಪ್ ಅಳೆದು, 52 ಮಿಲಿವೋಲ್ಟ್‌ನಿಂದ (26ರ ಎರಡು ಪಟ್ಟು, ಒಂದೇ ಕಲೆಕ್ಟರ್‌ಗೆ ಅರ್ಧ ಗೇನ್ ಅಲ್ವಾ) ಭಾಗಿಸುತ್ತೇನೆ. 5 ವೋಲ್ಟ್ ಚಿಲ್ಲರೆ ಇತ್ತು, 97. ರೆಸಿಸ್ಟರ್ ಎಷ್ಟು ಅಂತಲೂ ನೋಡಬೇಕಿಲ್ಲ, ಲೋಡ್ ಇದ್ದರೆ ಮಾತ್ರ ಅದರ ಪಾಲು ಇಳಿಸಿಕೊಳ್ಳಿ. ಎಮಿಟರ್‌ಗಳಿಗೆ ತಲಾ 100 ಓಮ್ ಹಾಕಿದರೆ ಈ ಆಟ ನಡೆಯಲ್ಲ, ಗೇನ್ 33ರ ಹತ್ತಿರ ನಿಲ್ಲುತ್ತದೆ.

ಅಳೆಯುವಾಗ ಜಾಸ್ತಿ ಸಿಗ್ನಲ್ ಕೊಡಬೇಡಿ. ನನ್ನ ಜನರೇಟರ್ 50 ಮಿಲಿವೋಲ್ಟ್‌ಗಿಂತ ಕೆಳಗೆ ಇಳಿಯುವುದಿಲ್ಲ, ಅಷ್ಟಕ್ಕೇ ಸೈನ್ ವೇವ್ ತಲೆ ಚಪ್ಪಟೆ. 10 ಕೆ ಮತ್ತು 100 ಓಮ್ ಹಾಕಿ ನೂರರಲ್ಲೊಂದು ಪಾಲು ಮಾಡಿಕೊಂಡೆ.

ಸುಮ್ನೆ ಒಂದು ಟ್ರಾನ್ಸಿಸ್ಟರ್ ಮೇಲೆ ಬೆರಳಿಟ್ಟೆ. ಔಟ್‌ಪುಟ್ ಅರ್ಧ ವೋಲ್ಟ್ ಜರುಗಿತು. ಬಿಸಿಯಾದರೆ ಬೇಸ್-ಎಮಿಟರ್ ವೋಲ್ಟೇಜ್ ಇಳಿಯುವುದು ಡಿಗ್ರಿಗೆ 2 ಮಿಲಿವೋಲ್ಟ್, ಅದೂ ಇಷ್ಟು ಗೇನ್ ಆಗಿ ಬರುತ್ತದಲ್ಲ. ಈಗ ಎರಡರ ಬಿಸಿಯೂ ಒಂದೇ ಇರಲಿ ಅಂತ ಬೆನ್ನಿಗೆ ಬೆನ್ನು ಅಂಟಿಸಿದ್ದೇನೆ. ಚೀಲದಿಂದ ಜೋಡಿ ಆರಿಸುವ ನನ್ನ ವಿಧಾನ ಮಾತ್ರ ಈಗಲೇ ಹೇಳಲ್ಲ.

ಕೊನೆಗೆ, ಎರಡೂ ಇನ್‌ಪುಟ್‌ಗೆ ಒಂದೇ ಸಿಗ್ನಲ್ ಬಂದರೆ ಎಷ್ಟು ದಾಟುತ್ತದೆ ನೋಡೋಣ (ದಾಟದಿದ್ದಷ್ಟೂ ಒಳ್ಳೆಯದು) ಅಂತ ಎರಡೂ ಬೇಸ್ ಸೇರಿಸಿ 1 ವೋಲ್ಟ್ ಕೊಟ್ಟೆ. ಲೋಡ್ ಇಲ್ಲದೆ 0.45 ವೋಲ್ಟ್ ಬಂತು, 10 ಕೆ ಭಾಗಿಸು 22 ಕೆ (ಟೇಲ್‌ನ ಎರಡು ಪಟ್ಟು), ಲೆಕ್ಕಕ್ಕೆ ಸರಿ. 11 ಕೆ ಕಿತ್ತು, ಕರೆಂಟ್ ಬದಲಾಗದಂತೆ ಹಿಡಿಯುವ ಕರೆಂಟ್ ಸೋರ್ಸ್ ಹಾಕಿದ ಮೇಲೆ ಆ ಔಟ್‌ಪುಟ್ಟನ್ನು ಸ್ಕೋಪ್‌ನ ನಾಯ್ಸ್ ಒಳಗೆ ಹುಡುಕಬೇಕಾಯ್ತು.