ಸಿಮ್ ರೇಸಿಂಗ್: ಮುಂದೆ ಹೊಸಬರಿದ್ದಾಗ ಕಾರು ಓಡಿಸುವ ಬಗೆ

ಸಿಮ್ ರೇಸಿಂಗ್ ಎಂದರೆ ಮನೆಯಲ್ಲೇ ಸ್ಟೀರಿಂಗ್, ಪೆಡಲು ಜೋಡಿಸಿಕೊಂಡು ಆನ್‌ಲೈನಿನಲ್ಲಿ ಆಡುವ ಕಾರು ರೇಸಿನ ಗೇಮ್. ಇಲ್ಲಿ ಹೊಸಬರೊಂದಿಗೆ ತಾಳ್ಮೆಯೆಂದರೆ ಮೈಕಿನಲ್ಲಿ ಮೆತ್ತಗೆ ಮಾತನಾಡುವುದು ಎಂದು ಹಲವರು ತಿಳಿದಿದ್ದಾರೆ. ಅದಕ್ಕೂ ಮೊದಲು ಬೇಕಾದದ್ದು ಪೆಡಲಿನ ಮೇಲಿನ ಹಿಡಿತ. ಪುಣೆಯ ಹಿಂಜೆವಾಡಿ, ವಾಕಡ್ ಕಡೆಯ ಕನ್ನಡಿಗರು ಶನಿವಾರ ರಾತ್ರಿ ಒಂದೇ ಸರ್ವರ್‌ನಲ್ಲಿ ಸೇರಿದಾಗ, ವರ್ಷಗಟ್ಟಲೆ ಆಡಿದವರ ನಡುವೆ ಮೊನ್ನೆಯಷ್ಟೇ ಸ್ಟೀರಿಂಗ್ ಕೊಂಡವರೂ ಇರುತ್ತಾರೆ. ಅವರ ಹಿಂದೆ ಸಿಕ್ಕಿಕೊಂಡ ಅನುಭವಿಗಳಿಗಾಗಿ ಈ ಬರಹ.

ಮೊದಲಿಗೆ, ಹೊಸಬರ ಕಷ್ಟವೇನೆಂದು ತಿಳಿದಿರಬೇಕು. ನಿಜವಾದ ಕಾರಿನಲ್ಲಿ ಬ್ರೇಕ್ ಒತ್ತಿದರೆ ಮೈ ಮುಂದಕ್ಕೆ ಜಗ್ಗುತ್ತದೆ, ತಿರುವಿನಲ್ಲಿ ಪಕ್ಕಕ್ಕೆ ವಾಲುತ್ತದೆ. ಮನೆಯ ಕುರ್ಚಿಯಲ್ಲಿ ಕುಳಿತವರಿಗೆ ಇದಾವುದೂ ಸಿಗದೆ, ವೇಗವನ್ನೆಲ್ಲ ಕಣ್ಣಿನಿಂದಲೇ ಅಳೆಯಬೇಕಾಗುತ್ತದೆ. ಸಾಲದ್ದಕ್ಕೆ, ಅಗ್ಗದ ಪೆಡಲುಗಳು ಕಾಲಿನ ಒತ್ತಡವನ್ನಲ್ಲ, ಪೆಡಲ್ ಎಷ್ಟು ಕೆಳಗಿಳಿಯಿತೆಂಬುದನ್ನು ಮಾತ್ರ ಅಳೆಯುವುದರಿಂದ ಬ್ರೇಕಿನ ಹದ ಕಾಲಿಗೆ ಬೇಗ ಕೂಡಿಬರುವುದಿಲ್ಲ.

ಇಟಲಿಯ ಮೊಂಜಾ ಟ್ರ್ಯಾಕಿನ ಮೊದಲನೆಯ ಚಿಕೇನ್, ಅಂದರೆ ಬೆನ್ನುಬೆನ್ನಿಗೆ ಬರುವ ಬಿಗಿಯಾದ ಬಲ-ಎಡ ತಿರುವುಗಳನ್ನು ನೋಡಿ. ಉದ್ದನೆಯ ನೇರ ದಾರಿಯ ಕೊನೆಗೆ ಹಠಾತ್ತನೆ ಬರುವ ಆ ಬಲ ತಿರುವಿಗೆ ಹೆದರಿ ಹೊಸಬರು 200 ಮೀಟರ್ ಫಲಕದ ಬಳಿಯೇ ಬ್ರೇಕ್ ಒತ್ತಿಬಿಡುತ್ತಾರೆ. ಇನ್ನೂ ತಡವಾಗಿ ಒತ್ತುವ ರೂಢಿಯಿರುವ ನೀವು ನೇರವಾಗಿ ಅವರ ಕಾರಿನ ಹಿಂಭಾಗಕ್ಕೆ ಗುದ್ದುತ್ತೀರಿ. ಆದ್ದರಿಂದ ಅಪರಿಚಿತ ಕಾರಿನ ಹಿಂದೆ ಬಂದಾಗ ಒಂದು ಸುತ್ತು ಸುಮ್ಮನೆ ಹಿಂಬಾಲಿಸಿ, ಅವರು ಎಲ್ಲಿ ಬ್ರೇಕ್ ಒತ್ತುತ್ತಾರೆ, ಎಲ್ಲಿ ತಿರುವಿನ ಹೊರಬದಿಗೆ ಜಾರುತ್ತಾರೆ ಎಂಬುದನ್ನು ಗಮನಿಸಿ. ನಿಮ್ಮ ಕಾರನ್ನು ಅರ್ಧ ಅಗಲ ಪಕ್ಕಕ್ಕೆ ಇಟ್ಟುಕೊಂಡು, ತಿರುವಿನೊಳಗೆ ನುಗ್ಗದೆ, ತಿರುವು ಮುಗಿದ ಮೇಲೆ ಬೇಗ ಆಕ್ಸಿಲರೇಟರ್ ಒತ್ತಿ ನೇರ ದಾರಿಯಲ್ಲೇ ದಾಟಿರಿ. "ಬಲಗಡೆ ಇದ್ದೇನೆ" ಎಂದು ಚುಟುಕಾಗಿ ಹೇಳಿದರೆ ಸಾಕು. ಆ ಕ್ಷಣದಲ್ಲಿ ಉಪದೇಶ ಬೇಡ.

ಇಂಟರ್ನೆಟ್ಟಿನ ಲೆಕ್ಕವೂ ಇದೆ. ಗಂಟೆಗೆ 180 ಕಿಲೋಮೀಟರ್ ಎಂದರೆ ಸೆಕೆಂಡಿಗೆ 50 ಮೀಟರ್. ಎದುರಾಳಿಯ ಕಾರಿನ ಮಾಹಿತಿ ನಿಮ್ಮನ್ನು ತಲುಪುವುದು 100 ಮಿಲಿಸೆಕೆಂಡ್ ತಡವಾದರೆ 5 ಮೀಟರ್ ವ್ಯತ್ಯಾಸ, ಅಂದರೆ ಹೆಚ್ಚುಕಡಿಮೆ ಒಂದು ಕಾರಿನ ಉದ್ದ. ನಿಮ್ಮ ಪರದೆಯಲ್ಲಿ ಕಾಣುವ ಎದುರಾಳಿಯ ಕಾರು ಗೇಮ್ ಊಹಿಸಿ ತೋರಿಸಿದ್ದು ಮಾತ್ರ. ವೈಫೈ ಬಿಟ್ಟು ಕೇಬಲ್ ಹಾಕಿಕೊಳ್ಳುವಂತೆ ಹೊಸಬರಿಗೆ ಹೇಳಿ, ಅಲ್ಲಿಯವರೆಗೆ ಅಂತರವನ್ನು ನೀವೇ ಹೆಚ್ಚಿಸಿಕೊಳ್ಳಿ. ಐರೇಸಿಂಗ್ ಎಂಬ ಗೇಮ್‌ನಲ್ಲಂತೂ ಡಾಂಬರು ಟ್ರ್ಯಾಕಿನ ಜೋರಾದ ಡಿಕ್ಕಿಗೆ, ತಪ್ಪು ಯಾರದೆಂದು ನೋಡದೆ, ಇಬ್ಬರ ಲೆಕ್ಕಕ್ಕೂ 4 ತಪ್ಪಿನ ಅಂಕ ಬೀಳುತ್ತದೆ. ಕಾಯುವುದರಲ್ಲಿ ನಿಮ್ಮ ಲಾಭವೂ ಇದೆ.

ರೇಸಿಗೆ ಮುನ್ನ ಹೊಸಬರಿಗೆ ಎರಡೇ ಮಾತು ಹೇಳಿ. ಕಾರು ಗಿರಕಿ ಹೊಡೆದರೆ ಬ್ರೇಕನ್ನು ಗಟ್ಟಿಯಾಗಿ ಒತ್ತಿಹಿಡಿದು ನಿಲ್ಲಬೇಕು. ನಿಂತ ಕಾರನ್ನು ಪಕ್ಕದಿಂದ ದಾಟಿ ಹೋಗಬಹುದು, ಹಿಂದಕ್ಕೆ ಉರುಳುವ ಕಾರನ್ನಲ್ಲ. ವೇಗದ ಕಾರು ಹಿಂದೆ ಬಂದಾಗ ಗಾಬರಿಯಿಂದ ಪಕ್ಕಕ್ಕೆ ಸರಿಯದೆ ತಮ್ಮ ದಾರಿಯಲ್ಲೇ ಸಾಗಬೇಕು.

ಡಿಕ್ಕಿಯಾದರೆ ಮಾತನ್ನು ರೇಸ್ ಮುಗಿಯುವವರೆಗೆ ತಡೆಹಿಡಿಯಿರಿ. ಆಮೇಲೆ ಇಬ್ಬರೂ ಕೂಡಿ ರೀಪ್ಲೇ ನೋಡಿ, ಅವರ ಕಾರಿನೊಳಗಿನ ಕ್ಯಾಮೆರಾದಿಂದಲೇ ನೋಡಿ. ನೀವು ಅವರಿಗೆ ಕಾಣಿಸಿದ್ದೇ ಇಲ್ಲವೆಂಬುದು ಎಷ್ಟೋ ಸಲ ಅಲ್ಲಿ ಬಯಲಾಗುತ್ತದೆ. ಒಂದು ರಾತ್ರಿಗೆ ಒಂದೇ ತಿದ್ದುಪಡಿ ಹೇಳಿದರೆ ಸಾಕು. ಪ್ರತಿ ವಾರ ಟ್ರ್ಯಾಕ್ ಬದಲಿಸುವ ಚಪಲ ನಮ್ಮ ಗುಂಪುಗಳಲ್ಲಿ ಅತಿಯಾಗಿದೆ. ಹೊಸಬರು ಸೇರಿರುವಾಗ ಮುಂದಿನ ಶನಿವಾರವೂ ಅದೇ ಟ್ರ್ಯಾಕ್, ಅದೇ ಕಾರನ್ನೇ ಇಡಿ.