ಕಾರ್ಟಿಂಗ್‌ನಿಂದ ಫಾರ್ಮುಲಾ ರೇಸಿಂಗ್‌ಗೆ: ದುಡ್ಡು ಹೊಂದಿಸುವುದು ಹೇಗೆ?

ಕಾರ್ಟಿಂಗ್‌ನಲ್ಲಿ, ಅಂದರೆ ಪುಟ್ಟ ಗೋ-ಕಾರ್ಟ್‌ಗಳ ರೇಸ್‌ನಲ್ಲಿ, ಮಗನೋ ಮಗಳೋ ಗೆಲ್ಲತೊಡಗಿದರೆ ಮನೆಯಲ್ಲಿ ಒಂದೇ ಮಾತು: ಇನ್ನು ಒಬ್ಬರೇ ಕೂರುವ ಫಾರ್ಮುಲಾ ರೇಸ್ ಕಾರಿಗೆ ಹತ್ತಿಸಬೇಕು. ಖಂಡಿತ ಹತ್ತಿಸಿ. ಆದರೆ ಅದಕ್ಕೂ ಮೊದಲು ಪೆನ್ನು, ಕಾಗದ ಹಿಡಿದು ಕೂರಬೇಕು. ವೇಗ ಇದ್ದೂ ದುಡ್ಡು ಸಾಲದೆ ಅರ್ಧ ದಾರಿಯಲ್ಲಿ ನಿಂತ ಮಕ್ಕಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಎಷ್ಟೋ ಸಲ ಅದನ್ನು ಮೊದಲೇ ಲೆಕ್ಕ ಹಾಕಿ ತಪ್ಪಿಸಬಹುದಿತ್ತು.

ಹೆಜ್ಜೆ 1: ಏಣಿಯ ಮೆಟ್ಟಿಲು ತಿಳಿದುಕೊಳ್ಳಿ

15 ವರ್ಷ ತುಂಬಿದವರಿಗೆ ಫಾರ್ಮುಲಾ 4. ಆಮೇಲೆ ಫಾರ್ಮುಲಾ ರೀಜನಲ್, ಫಾರ್ಮುಲಾ 3, ಫಾರ್ಮುಲಾ 2. ತುದಿಯಲ್ಲಿರುವ ಫಾರ್ಮುಲಾ 1ಕ್ಕೆ ಮೋಟಾರ್ ರೇಸಿಂಗ್‌ನ ಜಾಗತಿಕ ಸಂಸ್ಥೆ ಎಫ್‌ಐಎ ಕೊಡುವ ಸೂಪರ್ ಲೈಸೆನ್ಸ್ ಬೇಕು. ಅದಕ್ಕೆ ಮೂರು ವರ್ಷದಲ್ಲಿ 40 ಪಾಯಿಂಟ್ ಗಳಿಸಬೇಕು. ಫಾರ್ಮುಲಾ 4 ಚಾಂಪಿಯನ್‌ಗೆ ಸಿಗುವುದು 12, ಫಾರ್ಮುಲಾ 3 ಚಾಂಪಿಯನ್‌ಗೆ 30. ಫಾರ್ಮುಲಾ 2ರಲ್ಲಿ ಮೊದಲ ಮೂರು ಸ್ಥಾನಕ್ಕೆ ತಲಾ 40. ಅಂದರೆ ಮೇಲಿನ ಮೆಟ್ಟಿಲುಗಳನ್ನು ಹತ್ತಲೇಬೇಕು. ಕೆಳಗೇ ಎಲ್ಲ ದುಡ್ಡು ಮುಗಿಸಿದರೆ ಮೇಲೆ ಹೋಗುವುದಕ್ಕೆ ಏನೂ ಉಳಿಯುವುದಿಲ್ಲ.

ಹೆಜ್ಜೆ 2: ನಿಜವಾದ ಖರ್ಚು ಬರೆಯಿರಿ

ಫಾರ್ಮುಲಾ 1ರ ಮರ್ಸಿಡಿಸ್ ತಂಡದ ಮುಖ್ಯಸ್ಥ ಟೋಟೊ ವೋಲ್ಫ್ ಕೆಲವು ವರ್ಷಗಳ ಹಿಂದೆ ಒಂದು ಲೆಕ್ಕ ಕೊಟ್ಟಿದ್ದರು. ಒಳ್ಳೆ ಮಟ್ಟದ ಕಾರ್ಟಿಂಗ್‌ಗೇ ಸುಮಾರು 10 ಲಕ್ಷ ಯೂರೊ. ಫಾರ್ಮುಲಾ 1ರ ಬಾಗಿಲವರೆಗೆ ಹೋಗುವಷ್ಟರಲ್ಲಿ ಒಟ್ಟು 70ರಿಂದ 80 ಲಕ್ಷ. ಅಲ್ಲಿಂದ ಈಚೆಗೆ ಬೆಲೆ ಏರಿದೆಯೇ ಹೊರತು ಇಳಿದಿಲ್ಲ. ಈಗ ಯುರೋಪಿನಲ್ಲಿ ಫಾರ್ಮುಲಾ 4ರ ಒಂದು ಒಳ್ಳೆ ಸೀಸನ್‌ಗೆ ಹಲವು ಲಕ್ಷ ಯೂರೊ ಬೇಕು. ಫಾರ್ಮುಲಾ 3ಕ್ಕೆ 10 ಲಕ್ಷ ದಾಟುತ್ತದೆ, ಫಾರ್ಮುಲಾ 2ಕ್ಕೆ 20 ಲಕ್ಷ ಮೀರುತ್ತದೆ.

ಕೆಳಹಂತಗಳಲ್ಲಿ ಕಾರು ಓಡಿಸಲು ಡ್ರೈವರೇ ತಂಡಕ್ಕೆ ದುಡ್ಡು ಕೊಡಬೇಕು; ತಂಡ ಹೇಳುವ ಈ ಸೀಟಿನ ಬೆಲೆ ನೋಡಿ ಬಜೆಟ್ ಹಾಕಬೇಡಿ. ಅದರಲ್ಲಿ ಏನೇನು ಸೇರಿಲ್ಲ ಎಂದು ಕೇಳಿ. ಫಾರ್ಮುಲಾ 4ರಲ್ಲಿ ದುಡ್ಡು ನುಂಗುವುದು ರೇಸ್‌ಗಿಂತ ಟೆಸ್ಟಿಂಗ್, ಅಂದರೆ ಟ್ರ್ಯಾಕ್‌ನಲ್ಲಿ ಮಾಡುವ ಅಭ್ಯಾಸ. ಮುಂದೆ ಓಡುವವರು ಸೀಸನ್ ಶುರುವಾಗುವ ಮೊದಲೇ ದಿನಗಟ್ಟಲೆ ಟ್ರ್ಯಾಕ್‌ನಲ್ಲಿರುತ್ತಾರೆ. ಪ್ರತಿ ದಿನಕ್ಕೂ ಹೊಸ ಟೈರು, ಎಂಜಿನ್ ಸವೆತ, ಮೆಕ್ಯಾನಿಕ್‌ಗಳ ಸಂಬಳ. ಇದರ ಮೇಲೆ ಸಿಮ್ಯುಲೇಟರ್, ಕೋಚ್, ವಿಮಾನ ಟಿಕೆಟ್, ಹೋಟೆಲ್, ವಿಮೆ, ಲೈಸೆನ್ಸ್ ಶುಲ್ಕ.

ಇನ್ನೊಂದು, ಡ್ಯಾಮೇಜ್. ಮೊದಲ ಲ್ಯಾಪಿನ ಮೊದಲ ತಿರುವಿನಲ್ಲಿ ಪಕ್ಕದವನ ಚಕ್ರ ತಾಗಿತು ಅಂದುಕೊಳ್ಳಿ. ಕಾರಿನ ಮುಂದಿನ ರೆಕ್ಕೆ (ಫ್ರಂಟ್ ವಿಂಗ್) ಹೋಯಿತು, ಕಾರಿನ ಮೂತಿ ಒಡೆಯಿತು, ಸಸ್ಪೆನ್ಷನ್ನಿನ ಒಂದು ತೋಳು ಬಾಗಿತು. ತಪ್ಪು ಪಕ್ಕದವನದೇ ಆದರೂ ಬಿಲ್ ಬರುವುದು ಸಾಮಾನ್ಯವಾಗಿ ನಿಮ್ಮ ಹೆಸರಿಗೆ. ಹಾಗಾಗಿ ಒಟ್ಟು ಬಜೆಟ್‌ನಲ್ಲಿ ಹತ್ತನೇ ಒಂದು ಭಾಗವನ್ನಾದರೂ ಇದಕ್ಕೆಂದೇ ಎತ್ತಿಡಿ. ಬೇರೆ ಯಾವುದಕ್ಕೂ ಮುಟ್ಟಬೇಡಿ.

ಹೆಜ್ಜೆ 3: ಅರ್ಧ ದುಡ್ಡಿನಲ್ಲಿ ಮೇಲೆ ಹೋಗಬೇಡಿ

ನನ್ನ ಮಟ್ಟಿಗೆ ಇಡೀ ಲೇಖನದಲ್ಲಿ ಇದೇ ಮುಖ್ಯ. ಟೆಸ್ಟಿಂಗ್ ಇಲ್ಲದೆ ಫಾರ್ಮುಲಾ 3ರಲ್ಲಿ 20ನೇ ಸ್ಥಾನಕ್ಕೆ ಒದ್ದಾಡುವುದಕ್ಕಿಂತ ಫಾರ್ಮುಲಾ 4ರಲ್ಲಿ ಪೂರ್ತಿ ತಯಾರಿಯೊಂದಿಗೆ ಇನ್ನೊಂದು ವರ್ಷ ಓಡಿ ಗೆಲ್ಲುವುದು ಮೇಲು. ಗೆದ್ದ ಹುಡುಗಿಯ ಹಿಂದೆ ಸ್ಪಾನ್ಸರ್ ಬರುತ್ತಾರೆ. 20ನೇ ಸ್ಥಾನದ ಹಿಂದೆ ಯಾರೂ ಬರುವುದಿಲ್ಲ. ಮುಂದಿನ ಎರಡು ಸೀಸನ್‌ಗೆ ದುಡ್ಡು ಎಲ್ಲಿಂದ ಬರುತ್ತದೆ ಎಂದು ಬರೆದಿಡದೆ ಮೊದಲ ಸೀಸನ್‌ಗೆ ಸಹಿ ಹಾಕಬೇಡಿ.

ಹೆಜ್ಜೆ 4: ಸ್ಪಾನ್ಸರ್‌ಗೆ ಏನು ಮಾರುತ್ತೀರಿ?

ಬಹಳ ಜನ ಎಡವುವುದು ಇಲ್ಲಿ. 'ನಮ್ಮ ಮಗನಲ್ಲಿ ಪ್ರತಿಭೆ ಇದೆ, ದಯವಿಟ್ಟು ನೆರವಾಗಿ' ಎಂಬ ಪತ್ರ ದಾನ ಕೇಳಿದಂತೆ. ಕಂಪನಿಗೆ ಬೇಕಾದದ್ದು ವ್ಯಾಪಾರ. ಕಾರಿನ ಮೇಲೆ ಸುಮ್ನೆ ಒಂದು ಲೋಗೊ ಅಂದರೂ ಕೆಳಹಂತದ ರೇಸಿಂಗ್‌ನಲ್ಲಿ ಅದಕ್ಕೆ ಹೆಚ್ಚು ಬೆಲೆ ಇಲ್ಲ. ನೋಡುವವರೇ ಕಡಿಮೆ ಅಲ್ವಾ?

ಬದಲಿಗೆ ಹೀಗೆ ಬರೆಯಿರಿ: 'ಈ ಸೀಸನ್‌ನಲ್ಲಿ ಏಳು ರೇಸ್ ವಾರಾಂತ್ಯಗಳಿವೆ. ಪ್ರತಿ ಸಲವೂ ನಿಮ್ಮ ನಾಲ್ವರು ಗ್ರಾಹಕರನ್ನು ಗ್ಯಾರೇಜ್ ಒಳಗೆ ಕರೆದೊಯ್ದು ಎಂಜಿನಿಯರ್ ಜೊತೆ ಮಾತಾಡಿಸುತ್ತೇವೆ. ತಿಂಗಳಿಗೆ ಎರಡು ವಿಡಿಯೊ ಕೊಡುತ್ತೇವೆ, ನಿಮ್ಮ ಜಾಹೀರಾತಿಗೆ ಬಳಸಿಕೊಳ್ಳಬಹುದು. ವರ್ಷಕ್ಕೊಂದು ದಿನ ನಿಮ್ಮ ಕಚೇರಿಗೆ ಸಿಮ್ಯುಲೇಟರ್ ತರುತ್ತೇವೆ.' ಒಂದೇ ಪುಟ ಸಾಕು. ಮೊತ್ತ ಸ್ಪಷ್ಟವಾಗಿರಲಿ. ಗ್ಯಾರೇಜ್ ಒಳಗೆ ಅತಿಥಿಗಳನ್ನು ಬಿಡಲು ತಂಡದ ಒಪ್ಪಿಗೆ ಮೊದಲೇ ಪಡೆಯಿರಿ.

ದೊಡ್ಡ ಬ್ರ್ಯಾಂಡ್‌ಗಳ ಬಾಗಿಲು ಆಮೇಲೆ ತಟ್ಟಿ. ಮೊದಲು ಮನೆಯವರಿಗೆ ನೇರ ಪರಿಚಯ ಇರುವ ವ್ಯಾಪಾರಿಗಳ ಪಟ್ಟಿ ಮಾಡಿ. ನಿರ್ಧಾರ ತೆಗೆದುಕೊಳ್ಳುವವರೇ ಎದುರು ಕೂರುತ್ತಾರೆ. ದುಡ್ಡು ಬಂದ ಮೇಲೂ ಕೆಲಸ ಮುಗಿಯುವುದಿಲ್ಲ. ರೇಸ್ ಮುಗಿದು ಎರಡು ದಿನದೊಳಗೆ ಅವರಿಗೆ ವರದಿ ಹೋಗಬೇಕು. ಸೋತ ವಾರ ಅದು ಇನ್ನೂ ಮುಖ್ಯ.

ಒಬ್ಬರೇ ಸ್ಪಾನ್ಸರ್ ಮೇಲೆ ಪೂರ್ತಿ ನಿಲ್ಲಬೇಡಿ. ಪಾಸ್ಟರ್ ಮಾಲ್ಡೊನಾಡೊ 2012ರಲ್ಲಿ ಸ್ಪ್ಯಾನಿಷ್ ಗ್ರ್ಯಾನ್ ಪ್ರಿ ಗೆದ್ದವರು. ವೆನೆಜುವೆಲಾದ ಸರ್ಕಾರಿ ತೈಲ ಕಂಪನಿಯ ದುಡ್ಡು ಸಮಯಕ್ಕೆ ಬಾರದೆ 2016ರ ಸೀಸನ್‌ಗೆ ಮುಂಚೆ ಫಾರ್ಮುಲಾ 1 ಸೀಟು ಕಳೆದುಕೊಂಡರು.

ಹೆಜ್ಜೆ 5: ಅಕಾಡೆಮಿ, ವಿದ್ಯಾರ್ಥಿವೇತನ

ಫಾರ್ಮುಲಾ 1 ತಂಡಗಳು ಎಳೆಯ ಡ್ರೈವರ್‌ಗಳನ್ನು ಆರಿಸಿ ಬೆಳೆಸುವ ವ್ಯವಸ್ಥೆಯೇ ಅಕಾಡೆಮಿ. 1998ರಲ್ಲಿ ಮೆಕ್ಲಾರೆನ್ ತಂಡ ಹೀಗೆ ಸೇರಿಸಿಕೊಂಡಾಗ, ಮುಂದೆ ಫಾರ್ಮುಲಾ 1 ಚಾಂಪಿಯನ್ ಆದ ಲೂಯಿಸ್ ಹ್ಯಾಮಿಲ್ಟನ್‌ಗೆ 13 ವರ್ಷ. ಅಲ್ಲಿಯವರೆಗೆ ಅವರ ತಂದೆ ಒಂದಕ್ಕಿಂತ ಹೆಚ್ಚು ಕೆಲಸ ಮಾಡಿ ಕಾರ್ಟಿಂಗ್ ನಡೆಸಿದ್ದರು. ಫೆರಾರಿ, ಮರ್ಸಿಡಿಸ್, ರೆಡ್ ಬುಲ್ ಈಗಲೂ ಹೀಗೆ ಆರಿಸುತ್ತವೆ. ಆದರೆ ಅವರು ನೋಡುವುದು ಫಲಿತಾಂಶ. ಅಕಾಡೆಮಿ ಸೇರಿದ ಮಾತ್ರಕ್ಕೆ ಖರ್ಚೆಲ್ಲ ಅವರದೇ ಎಂದೂ ಅಲ್ಲ, ಬರಹದಲ್ಲಿ ಕೇಳಿ. ಹುಡುಗಿಯರಿಗೆ 2023ರಲ್ಲಿ ಶುರುವಾದ ಎಫ್1 ಅಕಾಡೆಮಿ ಎಂಬ ಪ್ರತ್ಯೇಕ ರೇಸ್ ಸರಣಿ ಇದೆ. ಮೊದಲ ವರ್ಷ ಪ್ರತಿ ಕಾರಿಗೆ ಫಾರ್ಮುಲಾ 1 ಸಂಸ್ಥೆಯೇ 1.5 ಲಕ್ಷ ಯೂರೊ ಕೊಟ್ಟಿತು, ಡ್ರೈವರ್ ಅಷ್ಟೇ ಮೊತ್ತ ತರಬೇಕಿತ್ತು. ಅಮೆರಿಕದ ದೊಡ್ಡ ರೇಸ್ ಸರಣಿ ಇಂಡಿಕಾರ್ ಕಡೆಗಿನ ಏಣಿಯಲ್ಲಿ ಚಾಂಪಿಯನ್‌ಗೆ ಮುಂದಿನ ಹಂತಕ್ಕೆಂದು ವಿದ್ಯಾರ್ಥಿವೇತನ ಸಿಗುತ್ತದೆ. ಯುರೋಪ್ ಒಂದೇ ದಾರಿ ಎಂದುಕೊಂಡವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹೆಜ್ಜೆ 6: ಸಹಿ ಹಾಕುವ ಮುನ್ನ

ಕೆಲವು ಹೂಡಿಕೆದಾರರು ಈಗ ದುಡ್ಡು ಕೊಟ್ಟು ಮುಂದಿನ ಸಂಪಾದನೆಯಲ್ಲಿ ಪಾಲು ಕೇಳುತ್ತಾರೆ. ಎಷ್ಟು ಪಾಲು, ಎಷ್ಟು ವರ್ಷ, ರೇಸಿಂಗ್ ಬಿಟ್ಟರೆ ಏನು? ಮೂರಕ್ಕೂ ಉತ್ತರ ಕಾಗದದಲ್ಲಿರಬೇಕು. ಅದನ್ನು ನಿಮ್ಮದೇ ವಕೀಲರು ಓದಬೇಕು. ತಂಡದ ಕರಾರಿನಲ್ಲಿ ಕಂತಿನ ತಾರೀಖು, ಕಂತು ತಪ್ಪಿದರೆ ಏನಾಗುತ್ತದೆ, ಗಾಯವಾಗಿ ಓಡಲಾಗದಿದ್ದರೆ ದುಡ್ಡು ವಾಪಸ್ ಬರುತ್ತದೆಯೇ ಎಂದು ನೋಡಿ.

ಫಾರ್ಮುಲಾ 1 ಡ್ರೈವರ್ ಎಸ್ತೆಬಾನ್ ಒಕಾನ್ ಅವರ ಹೆತ್ತವರು ಮನೆ ಮಾರಿ ಕ್ಯಾರವಾನ್‌ನಲ್ಲಿ (ವಾಸಕ್ಕೆ ಬಳಸುವ ಗಾಡಿಯಲ್ಲಿ) ಬದುಕಿದ್ದರು. ಮಗ 2021ರಲ್ಲಿ ಹಂಗೇರಿಯಲ್ಲಿ ಗ್ರ್ಯಾನ್ ಪ್ರಿ ಗೆದ್ದ. ಆ ಕುಟುಂಬದ ಬಗ್ಗೆ ಅಪಾರ ಗೌರವ ಇದೆ. ಆದರೂ ಅದನ್ನು ನೋಡಿ ಮನೆ ಮಾರಬೇಡಿ. ಎಷ್ಟು ಖರ್ಚಾದ ಮೇಲೆ ನಿಲ್ಲಿಸಬೇಕು ಎಂಬುದನ್ನು ಮಗುವನ್ನೂ ಕೂರಿಸಿಕೊಂಡು ಈಗಲೇ ತೀರ್ಮಾನಿಸಿ. ನಿಲ್ಲಿಸುವುದು ಎಂದರೆ ರೇಸಿಂಗ್ ಬಿಡುವುದಲ್ಲ. ಜಿಟಿ (ರಸ್ತೆಯ ಸ್ಪೋರ್ಟ್ಸ್ ಕಾರುಗಳನ್ನೇ ಆಧರಿಸಿದ ಕಾರುಗಳ ರೇಸ್) ಮತ್ತು ಎಂಡ್ಯುರೆನ್ಸ್ (ಹಲವು ಗಂಟೆ ನಡೆಯುವ ರೇಸ್) ಸ್ಪರ್ಧೆಗಳಲ್ಲಿ ಕಾರು ಕಂಪನಿಗಳೇ ಸಂಬಳ ಕೊಟ್ಟು ಡ್ರೈವರ್‌ಗಳನ್ನು ಇಟ್ಟುಕೊಳ್ಳುತ್ತವೆ. ಫಾರ್ಮುಲಾ 4ರಲ್ಲೋ 3ರಲ್ಲೋ ಒಳ್ಳೆ ಫಲಿತಾಂಶ ಕೈಯಲ್ಲಿರುವಾಗಲೇ ಆ ತಂಡಗಳ ಜೊತೆ ಮಾತು ಶುರು ಮಾಡಿ. ದುಡ್ಡು ಪೂರ್ತಿ ಮುಗಿದ ಮೇಲೆ ಹೋದರೆ ಒಂದು ಟೆಸ್ಟ್ ದಿನಕ್ಕೂ ಪರದಾಡಬೇಕಾಗುತ್ತದೆ.