ಸೂಜಿಗೆ ಮೊದಲು ಸ್ಲೈಡ್: ಕುದುರೆಯ ಉಣ್ಣೆ ಜ್ವರ ಪತ್ತೆಯಾದ ಬಗೆ

ನಾನು ಕುದುರೆ, ಹಸು, ಎಮ್ಮೆ ಎಲ್ಲವನ್ನೂ ನೋಡುವ ಪಶುವೈದ್ಯೆ. ಜ್ವರ ಬಂದ ಪ್ರಾಣಿಗೆ ಈಗ ಇಂಜೆಕ್ಷನ್ ಚುಚ್ಚುವ ಮೊದಲು ಕಿವಿ ತುದಿಯಿಂದ ಒಂದು ಹನಿ ರಕ್ತ ತೆಗೆದು ಸ್ಲೈಡಿನಲ್ಲಿ, ಅಂದರೆ ಗಾಜಿನ ಪಟ್ಟಿಯ ಮೇಲೆ ಹರಡಿ, ನೋಡುತ್ತೇನೆ. ಈ ಅಭ್ಯಾಸ ಕಲಿಸಿದ್ದು ಉಣ್ಣೆ ಜ್ವರ, ಅಂದರೆ ರಕ್ತ ಹೀರುವ ಉಣ್ಣೆ ಹುಳದಿಂದ ಹರಡುವ ಕಾಯಿಲೆ, ಬಂದಿದ್ದ ಒಂದು ಹೆಣ್ಣು ಕುದುರೆ.

ನಾನು ಹೋದಾಗ ಅದು ಮೇವು ಬಿಟ್ಟು ಲಾಯದ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿತ್ತು. ಜ್ವರ 40.6 ಡಿಗ್ರಿ ಸೆಲ್ಸಿಯಸ್. ಆಗಾಗ ಹೊಟ್ಟೆ ಕಡೆ ತಿರುಗಿ ನೋಡುತ್ತಿತ್ತು, ಲದ್ದಿ ಸಣ್ಣ ಗಟ್ಟಿ ಉಂಡೆಗಳಾಗಿ ಬೀಳುತ್ತಿತ್ತು. ಹೊಟ್ಟೆನೋವಿನ ಜೊತೆ ಏನೋ ಸೋಂಕು ಅಂದುಕೊಂಡೆ. ಜ್ವರ ಇಳಿಸುವ ಔಷಧಿ, ಆಂಟಿಬಯೋಟಿಕ್ ಕೊಟ್ಟು ಬಂದೆ. ಮಾರನೇ ದಿನ ಜ್ವರ ಇಳಿದಿತ್ತು, ಒಂದಿಷ್ಟು ಹುಲ್ಲೂ ತಿಂದಿತ್ತು. ನನಗೆ ಸಮಾಧಾನ ಆಯಿತು. ಮೂರನೇ ದಿನ ಬೆಳಗ್ಗೆ ಲಾಯ ನೋಡಿಕೊಳ್ಳುವವರ ಫೋನ್. "ಡಾಕ್ಟ್ರೇ, ಉಚ್ಚೆ ತುಕ್ಕು ನೀರಿನ ಹಾಗೆ ಬರ್ತಿದೆ, ಬೇಗ ಬನ್ನಿ."

ಹೋದವಳೇ ತುಟಿ ಎತ್ತಿ ನೋಡಿದೆ. ಒಸಡು ಬಿಳಿಚಿ ಹಳದಿಗೆ ತಿರುಗಿತ್ತು, ಕಣ್ಣಿನ ಒಳರೆಪ್ಪೆಯೂ ಹಾಗೇ. ಉಚ್ಚೆಯನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಅರ್ಧ ಗಂಟೆ ಅಲುಗಾಡಿಸದೆ ಇಟ್ಟೆ. ಮೂತ್ರದಲ್ಲಿ ಬರೀ ರಕ್ತ ಬಂದಿದ್ದರೆ ಕಣಗಳು ತಳಕ್ಕೆ ಕೂತು ಮೇಲಿನದು ತಿಳಿಯಾಗುತ್ತದೆ. ಇದು ಮೇಲಿಂದ ಕೆಳಗಿನವರೆಗೂ ಒಂದೇ ಬಣ್ಣ. ಅಂದರೆ ರಕ್ತಕಣಗಳು ಮೈಯೊಳಗೇ ಒಡೆದು ಅವುಗಳ ಬಣ್ಣ ಉಚ್ಚೆಗೆ ಇಳಿಯುತ್ತಿತ್ತು. (ಜಾಸ್ತಿ ಓಡಿಸಿದ ಕುದುರೆಯ ಸ್ನಾಯು ಒಡೆದಾಗಲೂ ಉಚ್ಚೆ ಹೀಗೇ ಕಾಣುತ್ತದೆ, ಆದರೆ ಆಗ ಒಸಡು ಹೀಗೆ ಬಿಳಿಚಿಕೊಳ್ಳುವುದಿಲ್ಲ.)

ಆಮೇಲೆ ಕತ್ತಿನ ಕೂದಲ ಬುಡಕ್ಕೆ ಕೈ ಹಾಕಿದೆ. ಬೆರಳಿಗೆ ಒಂದರ ಹಿಂದೆ ಒಂದು ಉಣ್ಣೆ ಸಿಕ್ಕಿತು. ಮೊದಲ ದಿನವೇ ಕೈ ಹಾಕಬೇಕಿತ್ತು.

ಕಿವಿ ತುದಿ ಒರೆಸಿ, ಸೂಜಿಯಿಂದ ಚುಚ್ಚಿ, ಬಂದ ಮೊದಲ ಹನಿಯಲ್ಲೇ ತೆಳುವಾಗಿ ಸ್ಲೈಡ್ ಎಳೆದೆ. ಉಣ್ಣೆ ಜ್ವರ ತರುವ, ರಕ್ತಕಣದೊಳಗೆ ಬೆಳೆಯುವ ಪರಾವಲಂಬಿಗಳು ಸಣ್ಣ ರಕ್ತನಾಳದ ರಕ್ತದಲ್ಲಿ ಸಿಗುವ ಸಾಧ್ಯತೆ ಜಾಸ್ತಿ, ಅದಕ್ಕೇ ಕತ್ತಿನ ದೊಡ್ಡ ನಾಳದ ಬದಲು ಕಿವಿ. ಸ್ಲೈಡನ್ನು ಮೆಥನಾಲ್‌ನಲ್ಲಿ ಅದ್ದಿ, ಜೀಮ್ಸಾ ಬಣ್ಣ ಹಾಕಿ, ಎಣ್ಣೆ ಹನಿಸಿ ನೋಡುವ ದೊಡ್ಡ ಲೆನ್ಸಿನಲ್ಲಿ ಕೂತು ಹುಡುಕಿದೆ. ಒಂದು ಕೆಂಪು ಕಣದ ಒಳಗೆ ನಾಲ್ಕು ಪುಟ್ಟ ಚುಕ್ಕೆ, ಶಿಲುಬೆಯ ಹಾಗೆ ಜೋಡಿಸಿಟ್ಟಂತೆ. ಥೈಲೇರಿಯಾ ಈಕ್ವೈ. ಕುದುರೆಗೆ ಬರುವ ಇನ್ನೊಂದು ಜಾತಿ ಬಬೇಸಿಯಾ ಕಬಾಲಿ, ಅದು ಸ್ವಲ್ಪ ದೊಡ್ಡದು, ಎರಡು ಪೇರಳೆಕಾಯಿ ತುದಿ ಸೇರಿಸಿಟ್ಟ ಹಾಗೆ ಜೋಡಿಯಾಗಿ ಕಾಣುತ್ತದೆ. ಈ ಕಬಾಲಿ ರಕ್ತದಲ್ಲಿ ಬಹಳ ಕಡಿಮೆ ಇರುವುದರಿಂದ ಸ್ಲೈಡಿನಲ್ಲಿ ಕಾಣಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅನ್ನುವ ಹಾಗಿಲ್ಲ.

ಔಷಧಿ ಇಮಿಡೋಕಾರ್ಬ್. ಸ್ನಾಯುವಿಗೆ ಮಾತ್ರ ಕೊಡಬೇಕು, ರಕ್ತನಾಳಕ್ಕೆ ಅಲ್ಲ. ತೂಕದ ಅಂದಾಜು ತಪ್ಪಿದರೆ ಅಪಾಯ, ಹಾಗಾಗಿ ಟೇಪ್ ಹಿಡಿದು ಅಳೆದೆ. ಎದೆ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಮೈ ಉದ್ದದಿಂದ ಮತ್ತೆ ಗುಣಿಸಿ, 11,880ರಿಂದ ಭಾಗಿಸಿದರೆ ದೊಡ್ಡ ಕುದುರೆಯ ತೂಕ ಹತ್ತಿರ ಹತ್ತಿರ ಕಿಲೋದಲ್ಲಿ ಸಿಗುತ್ತದೆ, ಅಳತೆ ಮಾತ್ರ ಸೆಂಟಿಮೀಟರಿನಲ್ಲಿರಬೇಕು. ಅಡ್ಡಪರಿಣಾಮ ತಗ್ಗಲಿ ಅಂತ ಮೊದಲು ಸ್ವಲ್ಪ ಅಟ್ರೋಪಿನ್ ಕೊಟ್ಟಿದ್ದರೂ ಇಮಿಡೋಕಾರ್ಬ್ ಹೋದ ಸ್ವಲ್ಪ ಹೊತ್ತಿಗೇ ಜೊಲ್ಲು ಸುರಿಯಿತು, ಬೆವರಿತು, ಕಾಲು ಕೆದರಿತು. ಅದು ನೆಟ್ಟಗಾಗುವವರೆಗೂ ಲಾಯದಲ್ಲೇ ನಿಂತಿದ್ದೆ. ಕತ್ತೆಗಳಿಗೆ ಈ ಔಷಧಿ ಇನ್ನೂ ಕಷ್ಟ, ಅವುಗಳ ವಿಷಯದಲ್ಲಿ ತುಂಬಾ ಹುಷಾರಾಗಿರಬೇಕು.

ಕುದುರೆ ಉಳಿಯಿತು. ನನ್ನ ತಲೆ ಕೊರೆದದ್ದು ಬೇರೆ ವಿಷಯ. ಮೊದಲ ದಿನವೇ ಜ್ವರದ ಔಷಧಿ ಚುಚ್ಚಿ ಜ್ವರವನ್ನು ನಾನೇ ಮುಚ್ಚಿಹಾಕಿದ್ದೆ, ಆ ಎರಡು ದಿನದಲ್ಲಿ ಅದರ ರಕ್ತ ಕರಗುತ್ತಾ ಹೋಯಿತು. ಸ್ಲೈಡ್ ಎಳೆಯಲು ಎಷ್ಟು ಹೊತ್ತು ಬೇಕು ಹೇಳಿ, ಎರಡು ನಿಮಿಷ ಅಲ್ವಾ?

ಅದೇ ಲಾಯದ ಉಳಿದ ಕುದುರೆಗಳ ರಕ್ತ ಪರೀಕ್ಷೆಗೆ ಕಳಿಸಿದಾಗ ಇನ್ನೊಂದು ಗಟ್ಟಿಮುಟ್ಟಾದ ಗಂಡು ಕುದುರೆಯಲ್ಲೂ ಸೋಂಕು ಇರುವುದು ಗೊತ್ತಾಯಿತು. ಒಂದು ದಿನವೂ ಕಾಯಿಲೆ ಬಿದ್ದದ್ದಲ್ಲ. ಥೈಲೇರಿಯಾ ಈಕ್ವೈ ಒಮ್ಮೆ ಹೊಕ್ಕರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ, ಕಾಯಿಲೆಯಿಂದ ಚೇತರಿಸಿಕೊಂಡ ಕುದುರೆಯಲ್ಲೂ. ಅಂಥ ಕುದುರೆಯನ್ನು ಕಚ್ಚಿದ ಉಣ್ಣೆಯಷ್ಟೇ ಅಪಾಯ ಅದಕ್ಕೆ ಚುಚ್ಚಿದ ಸೂಜಿಯೂ. ಆ ಲಾಯದಲ್ಲಿ ವಿಟಮಿನ್ ಇಂಜೆಕ್ಷನ್ನಿಗೆ ಒಂದೇ ಸೂಜಿಯನ್ನು ಸಾಲಾಗಿ ಎಲ್ಲಕ್ಕೂ ಚುಚ್ಚುತ್ತಿದ್ದರು. ಅವತ್ತೇ ನಿಲ್ಲಿಸಿದೆವು. ಈಗ ಒಂದು ಕುದುರೆಗೆ ಒಂದು ಸೂಜಿ, ಒಂದು ಸಿರಿಂಜು.

ದಿನಾ ಸಂಜೆ ಮೈ ತಡವಿ ಉಣ್ಣೆ ಹುಡುಕುವುದನ್ನು ರೂಢಿ ಮಾಡಿಸಿದೆ. ಕಿವಿ ಒಳಗೆ, ದವಡೆಯ ನಡುವೆ, ಕತ್ತಿನ ಕೂದಲ ಬುಡ, ಮುಂಗಾಲಿನ ಸಂದು, ತೊಡೆ ಸಂದು, ಬಾಲದ ಕೆಳಗೆ. ಉಣ್ಣೆ ಕಚ್ಚಿದ ತಕ್ಷಣ ಸೋಂಕು ದಾಟುವುದಿಲ್ಲ, ಸಾಮಾನ್ಯವಾಗಿ ಒಂದೆರಡು ದಿನವಾದರೂ ಅಂಟಿಕೊಂಡಿರಬೇಕು, ಹಾಗಾಗಿ ದಿನಾ ಹುಡುಕಿದರೆ ಲಾಭವಿದೆ. ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಉಗುರಿನಿಂದ ಒಡೆಯಬೇಡಿ, ಮನುಷ್ಯರಿಗೂ ಕಾಯಿಲೆ ತರುವ ಉಣ್ಣೆಗಳಿವೆ.

ಮತ್ತೆ, ಉಣ್ಣೆ ಸಾಯಿಸಲು ದನಕ್ಕೆ ಹಾಕುವ ಅಮಿಟ್ರಾಜ್ ಔಷಧಿಯನ್ನು ದಯವಿಟ್ಟು ಕುದುರೆಗೆ ಹಾಕಬೇಡಿ. ಕರುಳಿನ ಚಲನೆಯೇ ನಿಂತು ಜೀವಕ್ಕೆ ಕುತ್ತು ಬರುತ್ತದೆ.

ಹಸುಗಳಲ್ಲೂ ನನ್ನ ಕ್ರಮ ಇದೇ, ಸ್ಲೈಡ್ ಮೊದಲು. ಯಾಕೆಂದರೆ ಜ್ವರ ಒಂದೇ ಥರ ಕಂಡರೂ ಒಳಗಿರುವುದು ಬೇರೆ ಬೇರೆ, ಔಷಧಿಯೂ ಬೇರೆ. ಭುಜದ ಮುಂದೆ ಕೈಯಾಡಿಸಿದಾಗ ಗಂಟು ಊದಿದ್ದರೆ ದನಗಳ ಥೈಲೇರಿಯಾ (ಕುದುರೆಯದಲ್ಲ, ಬೇರೆ ಜಾತಿ) ನೆನಪಾಗಬೇಕು, ಅದಕ್ಕೆ ಬುಪಾರ್ವಾಕ್ವೋನ್, ಅದೂ ಬೇಗ ಕೊಟ್ಟಷ್ಟು ಒಳ್ಳೆಯದು. ಗಂಜಳ ಕೆಂಪಾದರೆ ಬಬೇಸಿಯಾ. ಮೈ ಬಿಳಿಚಿ ಹಳದಿಯಾಗಿಯೂ ಗಂಜಳ ಕೆಂಪಾಗದಿದ್ದರೆ ಅನಾಪ್ಲಾಸ್ಮಾ ಇರಬಹುದು. ಅದು ಬ್ಯಾಕ್ಟೀರಿಯಾ, ಆಕ್ಸಿಟೆಟ್ರಾಸೈಕ್ಲಿನ್‌ಗೆ ಬಗ್ಗುತ್ತದೆ. ಕೆಂಪು ಗಂಜಳದ ವಿಷಯದಲ್ಲಿ ಒಂದು ವಿಚಿತ್ರ ಇದೆ. ಎಳೆ ಕರುಗಳು ಸಾಮಾನ್ಯವಾಗಿ ತಡೆದುಕೊಳ್ಳುತ್ತವೆ, ಉಣ್ಣೆಯಿಲ್ಲದ ಕಡೆಯಿಂದ ತಂದ ದೊಡ್ಡ ಹಸುವೇ ಮೊದಲು ಮಲಗುತ್ತದೆ. ಹೊಸ ಹಸು ತಂದವರಿಗೆ ಮೊದಲ ಒಂದೆರಡು ತಿಂಗಳು ಗಂಜಳದ ಮೇಲೆ ಕಣ್ಣಿಡಿ ಅಂತ ನಾನು ಹೇಳುವುದು ಇದಕ್ಕೇ.

ಗೋಡೆಯ ಬಿರುಕು ಮರೆಯಬೇಡಿ. ರಕ್ತ ಕುಡಿದು ಉದುರಿದ ಒಂದು ಹೆಣ್ಣು ಉಣ್ಣೆ ಸಾವಿರಾರು ಮೊಟ್ಟೆ ಇಡುತ್ತದೆ, ಬಬೇಸಿಯಾ ಆ ಮೊಟ್ಟೆಯ ಮೂಲಕ ಮರಿಗೂ ದಾಟುತ್ತದೆ. ದನಗಳ ಟೆಕ್ಸಾಸ್ ಜ್ವರ, ಅಂದರೆ ಇದೇ ಬಬೇಸಿಯಾ ಕಾಯಿಲೆ, ಉಣ್ಣೆಯಿಂದ ಹರಡುತ್ತದೆ ಅಂತ ಅಮೆರಿಕದ ಸಂಶೋಧಕರಾದ ಸ್ಮಿತ್ ಮತ್ತು ಕಿಲ್ಬೋರ್ನ್ 1893ರಲ್ಲೇ ಬರೆದಿಟ್ಟರು. ಆ ಲಾಯದ ಗೋಡೆಯ ಸಂದುಗಳನ್ನೆಲ್ಲ ಕೆರೆದು ಸಿಮೆಂಟ್ ಮೆತ್ತಿಸಿದೆವು. ಹೆಣ್ಣು ಕುದುರೆಯ ಒಸಡು ಮತ್ತೆ ಗುಲಾಬಿ ಬಣ್ಣಕ್ಕೆ ಬರಲು ತಿಂಗಳಿಗೂ ಜಾಸ್ತಿ ಹಿಡಿಯಿತು. ಈಗಲೂ ಹೋದಾಗಲೆಲ್ಲ ಮೊದಲು ಅದರ ತುಟಿ ಎತ್ತಿ ನೋಡುತ್ತೇನೆ.